ಸೆನ್ಸರ್ ಡಬ್ಬಿಯ ಮೇಲಿನ ಬರಹ

ಅನಿಲನ ಟ್ಯಾಕ್ಸಿಯಲ್ಲಿ ಆ ಹಳದಿ ದೀಪ ಮೂರನೆಯ ಸಲ ಹತ್ತಿದ ದಿನ ಕುರ್ಲಾದಲ್ಲಿ ಆ ವರ್ಷದ ಮೊದಲ ದೊಡ್ಡ ಮಳೆ. ಗ್ಯಾರೇಜಿನ ಮುಂದಿನ ಗಟಾರ ಉಕ್ಕಿ, ಜ್ಯಾಕು ಇಡುವ ಜಾಗದಲ್ಲಿ ಪಾದ ಮುಳುಗುವಷ್ಟು ನೀರು ನಿಂತಿತ್ತು. ಗ್ಯಾರೇಜಿನ ಮೆಕ್ಯಾನಿಕ್ ಶೆಟ್ಟೆಪ್ಪ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು ಗಾಡಿಯೊಳಗೆ ತಲೆ ಹಾಕಿದ. ಸ್ಟೇರಿಂಗಿನ ಹಿಂದೆ ಇಂಜಿನ್ನಿನ ಆಕಾರದ ಪುಟ್ಟ ದೀಪ, ಮುನಿಸಿಕೊಂಡ ಬೀಗರ ಹಾಗೆ, ಏನೂ ಬಾಯಿಬಿಡದೆ ಉರಿಯುತ್ತಿತ್ತು. ಸ್ಕ್ಯಾನರಿನ ಪಿನ್ನು ಚುಚ್ಚಿ ನೋಡಿದರೆ ಅದೇ ನಾಲ್ಕು ಅಂಕಿ. ಆಕ್ಸಿಜನ್ ಸೆನ್ಸರ್. ಜನವರಿಯಲ್ಲಿ ಅದೇ, ಏಪ್ರಿಲ್‌ನಲ್ಲಿ ಅದೇ, ಈಗಲೂ ಅದೇ.

ಆಕ್ಸಿಜನ್ ಸೆನ್ಸರ್ ಎಂದರೆ ಹೆಬ್ಬೆರಳಿನ ಗಾತ್ರದ ಒಂದು ತುಂಡು. ಸೈಲೆನ್ಸರಿನ ಕೊಳವೆಯೊಳಗೆ ಮೂತಿ ಇಟ್ಟುಕೊಂಡು, ಇಂಜಿನ್ನು ಬಿಟ್ಟ ಹೊಗೆಯನ್ನು ಮೂಸಿ ನೋಡಿ, ಇಂಧನ ಹೆಚ್ಚಾಯಿತು, ಕಡಿಮೆಯಾಯಿತು ಎಂದು ಗಾಡಿಯ ಕಂಪ್ಯೂಟರಿಗೆ ಚಾಡಿ ಹೇಳುವುದೇ ಅದರ ಉದ್ಯೋಗ. ಅದರ ಮೂಗು ಕಟ್ಟಿದರೆ ದೀಪ ಹತ್ತುತ್ತದೆ. ಜನವರಿಯಲ್ಲಿ ಸತ್ತದ್ದು ಗಾಡಿಯ ಜೊತೆಗೇ ಬಂದ ಸೆನ್ಸರು. ಲಕ್ಷ ಕಿಲೋಮೀಟರು ಓಡಿದ ಮೇಲೆ ಸತ್ತಿತ್ತು, ಅದಕ್ಕೆ ಯಾರೂ ಅಳಬೇಕಾಗಿಲ್ಲ. ಆದರೆ ಅದರ ಜಾಗದಲ್ಲಿ ಹಾಕಿದ ಹೊಸದು ಮೂರು ತಿಂಗಳಲ್ಲಿ ಸತ್ತಿತು. ಅದರ ಜಾಗದಲ್ಲಿ ಹಾಕಿದ್ದು ಎರಡು ತಿಂಗಳೂ ಬಾಳಲಿಲ್ಲ. ಎರಡನ್ನೂ ಕೊಟ್ಟವನು ಸಯನ್‌ನಲ್ಲಿ ಬಿಡಿಭಾಗಗಳ ಅಂಗಡಿ ಇಟ್ಟಿದ್ದ ಪೂವಪ್ಪ.

ಶೆಟ್ಟೆಪ್ಪ ಕೆಲಸಗಳ್ಳನಲ್ಲ. ಅಂದು ಮಧ್ಯಾಹ್ನದ ಊಟವನ್ನೂ ಬಿಟ್ಟು ನೋಡಿದ. ಸೈಲೆನ್ಸರಿನ ಬಾಯಿಗೆ ಚಿಂದಿ ತುರುಕಿ, ಎಲ್ಲಾದರೂ ಹೊಗೆ ಸೋರುವ ಸದ್ದಿದೆಯೇ ಎಂದು ಕಿವಿಗೊಟ್ಟ. ಸಂದುಗಳಿಗೆಲ್ಲ ಸೋಪಿನ ನೀರು ಬಳಿದು ಗುಳ್ಳೆ ಏಳುತ್ತದೆಯೇ ಎಂದು ಕಾದ. ಸೆನ್ಸರಿನ ವೈರನ್ನು ಇಂಜಿನ್ ಚಾಲೂ ಇರುವಾಗಲೇ ಅಲುಗಾಡಿಸಿದ, ಫ್ಯೂಸು ತೆಗೆದು ನೋಡಿದ, ಅರ್ಥಿಂಗ್ ಬಿಚ್ಚಿ ಉಜ್ಜಿ ಮತ್ತೆ ಬಿಗಿದ, ಗ್ಯಾಸ್ ಕಿಟ್ಟಿನ ಒತ್ತಡ ಅಳೆದ. ಎಲ್ಲವೂ ಸರಿ. ಎಲ್ಲವೂ ಸರಿ ಇದ್ದ ಮೇಲೆ ಉಳಿಯುವುದು ಮಾಲು ಒಂದೇ ಅಲ್ಲವೇ ಎಂದುಕೊಂಡ. ಬಿಚ್ಚಿದ ಸೆನ್ಸರಿನ ಮೂತಿ ಸುಣ್ಣ ಹಚ್ಚಿದಂತೆ ಬೆಳ್ಳಗಾಗಿತ್ತು; ಏಪ್ರಿಲ್‌ನಲ್ಲಿ ನೋಡದೆ ಬಿಚ್ಚಿಟ್ಟಿದ್ದನ್ನು ಹುಡುಕಿ ತೆಗೆದರೆ ಅದೂ ಹಾಗೇ. ಗ್ಯಾಸು ಹೆಚ್ಚು ಉರಿದರೆ ಕರಿ ಹಿಡಿಯುತ್ತದೆ, ಎಣ್ಣೆ ಸೇರಿದರೆ ಕಂದಾಗುತ್ತದೆ; ಈ ಬಿಳಿಯನ್ನು ಇಪ್ಪತ್ತೆರಡು ವರ್ಷದಲ್ಲಿ ಅವನು ಕಂಡಿರಲಿಲ್ಲ. ಕಾಣದ್ದನ್ನು ಡುಪ್ಲಿಕೇಟ್ ಎಂದು ಕರೆಯುವುದು ಸುಲಭ.

ಅವನಿಗೊಂದು ಪದ್ಧತಿಯಿತ್ತು, ಅದನ್ನು ಹೇಳಲೇಬೇಕು. ಯಾವ ಗಾಡಿ ಬಂದರೂ ಹೇಳಿದ ಕೆಲಸವನ್ನಷ್ಟೇ ಮಾಡಿ ಕಳಿಸುತ್ತಿರಲಿಲ್ಲ; ಗಿರಾಕಿ ಕೇಳದ ಒಂದು ಸಣ್ಣ ಉಪಕಾರ ಮಾಡಿಯೇ ಕಳಿಸಬೇಕು. ಬಾಗಿಲಿನ ತಿರುಗಣಿಗೆ ಗ್ರೀಸು, ಸಡಿಲಾದ ಕನ್ನಡಿಗೆ ಒಂದು ಸುತ್ತು. ಅದು ಅವನ ಉಸ್ತಾದ ಕಲಿಸಿದ ಪಾಠ. ಅನಿಲನ ಗಾಡಿಯಲ್ಲಿ ಇಂಜಿನ್ನಿನ ನೆತ್ತಿಯ ಮೇಲೆ ಮುಚ್ಚಳದಂತೆ ಕೂರುವ ಟ್ಯಾಪೆಟ್ ಕವರಿನಿಂದ ಎಣ್ಣೆ ಜಿನುಗುತ್ತಿತ್ತು. ಜನವರಿಯಲ್ಲೇ ಅದನ್ನು ಕಂಡು, ಬಿಚ್ಚಿ, ಅಂಚಿಗೆ ಸುತ್ತಲೂ ಸಿಲಿಕಾನ್ ಬಳಿದು ಕೂರಿಸಿದ್ದ. ಏಪ್ರಿಲ್‌ನಲ್ಲಿ ಮತ್ತೆ ಹೊಸದಾಗಿ ಬಳಿದ. ಸಿಲಿಕಾನೆಂದರೆ ಇಂಜಿನ್ನಿನದಲ್ಲ, ಕಿಟಕಿಯ ಕಾಜು, ಎಂದರೆ ಗಾಜು, ಅಂಟಿಸುವ ಬಿಳಿ ಟ್ಯೂಬು. ಅವನ ಹೆಂಡತಿ ಮಹಾದೇವಿಯ ತಮ್ಮ ಬಿಲ್ಡಿಂಗುಗಳಿಗೆ ಸ್ಲೈಡಿಂಗ್ ಕಿಟಕಿ ಕೂರಿಸುವವನು. ಉಳಿದ ಟ್ಯೂಬುಗಳನ್ನು ತಂದುಕೊಡುತ್ತಿದ್ದ. ಇಪ್ಪತ್ತನೆಯ ಮಹಡಿಯಲ್ಲಿ ಮುಂಬಯಿಯ ಮಳೆಗಾಳಿಗೆ ಜಗ್ಗದೆ ಕಾಜನ್ನು ಹಿಡಿದು ನಿಲ್ಲಿಸುವ ವಸ್ತು ನಾಲ್ಕು ಹನಿ ಎಣ್ಣೆಯನ್ನು ತಡೆಯದೇ ಎಂದು ಶೆಟ್ಟೆಪ್ಪನ ವಾದ. ಜೂನ್‌ನಲ್ಲೂ ಬಳಿದ. ಈ ಸಲ ಇನ್ನೂ ದಪ್ಪಗೆ.

ಆ ಸಂಜೆ ಅವನು ಬಿಳಿ ಮೂತಿಯ ಎರಡು ಸೆನ್ಸರುಗಳ ಫೋಟೋ ತೆಗೆದು, ಕುರ್ಲಾ, ಸಯನ್, ಚೆಂಬೂರಿನ ಗ್ಯಾರೇಜಿನವರೆಲ್ಲ ಇರುವ ವಾಟ್ಸಾಪ್ ಗುಂಪಿಗೆ ಹಾಕಿದ. ಪೂವಪ್ಪನ ಅಂಗಡಿಯ ಮಾಲು ಡುಪ್ಲಿಕೇಟ್, ಹುಷಾರಾಗಿರಿ ಎಂದು ಹಿಂದಿಯಲ್ಲಿ ಧ್ವನಿ ಸಂದೇಶವನ್ನೂ ಸೇರಿಸಿದ. ಗುಂಪಿನಲ್ಲಿ ನೂರ ಎಂಬತ್ತು ಜನ. ಮೊದಲು ಉತ್ತರಿಸಿದವನು ಸಯನ್‌ನ ದೊಡ್ಡ ಗ್ಯಾರೇಜಿನ ಸಾವಂತ: “ಶೆಟ್ಟೆಪ್ಪ ಅಪ್ನೇ ಗಾಂವ್‌ವಾಲೇ ಕೇ ಖಿಲಾಫ್ ಬೋಲ್ ರಹಾ ಹೈ, ಮತ್ಲಬ್ ಸಚ್ ಹೀ ಹೋಗಾ.” ಸ್ವಂತ ಊರಿನವನ ವಿರುದ್ಧವೇ ಬಾಯಿಬಿಟ್ಟಿದ್ದಾನೆಂದರೆ ಸುಳ್ಳಿರಲಾರದು. ಶೆಟ್ಟೆಪ್ಪನ ಊರು ವಿಜಯಪುರದ ಆಚೆ, ಪೂವಪ್ಪನದು ಉಡುಪಿಯ ಹತ್ತಿರ. ನಡುವೆ ಒಂದು ರಾತ್ರಿಯ ಬಸ್ ಪ್ರಯಾಣವಿದೆ. ಆದರೆ ಬೆಳಗಾವಿಯಿಂದ ಆಚೆಗೆ ಇರುವುದೆಲ್ಲ ಮುಂಬಯಿಗೆ ಒಂದೇ ಊರು. ಸಾವಂತನ ಮಾತಿನ ಕೆಳಗೆ ಎತ್ತಿದ ಹೆಬ್ಬೆರಳುಗಳ ಸಾಲು ಬೆಳೆಯಿತು. ಶೆಟ್ಟೆಪ್ಪನಿಗೆ ಖುಷಿಯಾಯಿತು, ಅದನ್ನೇಕೆ ಮುಚ್ಚಿಡಬೇಕು. ನೂರ ಎಂಬತ್ತು ಜನ ಒಟ್ಟಿಗೆ ಅವನ ಮಾತನ್ನು ನಂಬಿದ್ದು ಜೀವನದಲ್ಲಿ ಅದೇ ಮೊದಲು.

ಮೂರನೆಯ ದಿನ ಪೂವಪ್ಪ ತಾನೇ ಬಂದ. ಅರವತ್ತು ದಾಟಿದ, ತೆಳ್ಳಗಿನ, ತೊಳೆದ ಬಿಳಿ ಅಂಗಿಯ ಮನುಷ್ಯ. ಜೇಬಿನಲ್ಲಿ ಯಾವಾಗಲೂ ನೀಲಿ ಪೆನ್ನು. ಹತ್ತನೆಯ ವಯಸ್ಸಿನಲ್ಲಿ ಊರಿಂದ ಬಂದು ಹೋಟೆಲಿನಲ್ಲಿ ಲೋಟ ತೊಳೆದವನು. ರಾತ್ರಿಶಾಲೆಯಲ್ಲಿ ಓದಿ, ಇನ್ನು ಈ ಜನ್ಮದಲ್ಲಿ ಹೋಟೆಲಿನ ಮೆಟ್ಟಿಲು ಹತ್ತುವುದು ಗಿರಾಕಿಯಾಗಿ ಮಾತ್ರ ಎಂದು ಪಣ ತೊಟ್ಟು ಬಿಡಿಭಾಗಗಳ ಲೈನಿಗೆ ಇಳಿದಿದ್ದ. ಶೆಟ್ಟೆಪ್ಪ ಈ ಊರಿಗೆ ಬಂದಾಗ ನಾಲ್ಕನೇ ಕ್ಲಾಸಿನ ಕನ್ನಡ ಬಿಟ್ಟರೆ ಬೇರೆ ಅಕ್ಷರ ಗೊತ್ತಿರಲಿಲ್ಲ. ಇಂಗ್ಲಿಷಿನ ಡಬ್ಬಿಗಳ ಮುಂದೆ ಅವನು ಪೆಚ್ಚಾಗಿ ನಿಲ್ಲುವುದನ್ನು ನೋಡಿ, ಪೂವಪ್ಪ ಅಂದಿನಿಂದ ಪ್ರತಿಯೊಂದು ಡಬ್ಬಿಯ ಮೇಲೂ ಕನ್ನಡದಲ್ಲಿ ಬರೆದುಕೊಡತೊಡಗಿದ: ಇದು ಇಂಥ ಗಾಡಿಯ ಇಂಥ ಭಾಗ, ಇಷ್ಟೇ ಬಿಗಿಯಬೇಕು, ಇದಕ್ಕೆ ಎಣ್ಣೆ ತಾಗಿಸಬಾರದು. ಗ್ಯಾರೇಜಿನ ಹಲಗೆಯ ತುಂಬ ಆ ದುಂಡು ಅಕ್ಷರಗಳೇ. ಶೆಟ್ಟೆಪ್ಪನ ಮಗಳು ಸಪ್ನಾ ಓದಿದ್ದು ಹಿಂದಿ ಶಾಲೆಯಲ್ಲಿ. ಅವಳು ಕನ್ನಡ ಅಕ್ಷರ ಕಲಿತದ್ದು ಪೂವಪ್ಪ ಖಾಲಿ ಡಬ್ಬಿಗಳ ಹಿಂದೆ ಬರೆದುಕೊಟ್ಟ ಅ ಆ ಇ ಈಗಳಿಂದ.

ಅಂದು ಮಳೆಗೆ ಸಿಕ್ಕಿಕೊಂಡ ಐದಾರು ಗಿರಾಕಿಗಳು ಚಹಾ ಹಿಡಿದು ಗ್ಯಾರೇಜಿನೊಳಗೆ ನಿಂತಿದ್ದರು, ಅನಿಲನೂ ಇದ್ದ. ಪೂವಪ್ಪ ಸತ್ತ ಸೆನ್ಸರುಗಳನ್ನು ಕೇಳಿ ಪಡೆದು, ಕನ್ನಡಕವನ್ನು ಹಣೆಗೇರಿಸಿ, ಮೂತಿಗಳನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. ಆಮೇಲೆ ಬೆಂಚಿನ ಮೇಲಿದ್ದ ಬಿಳಿ ಟ್ಯೂಬನ್ನು ಎತ್ತಿ, ತಿರುಗಿಸಿ ನೋಡಿ, ಇದ್ದಲ್ಲಿಯೇ ಇಟ್ಟ. ಬಾನೆಟ್ಟು ತೆರೆದೇ ಇದ್ದ ಅನಿಲನ ಗಾಡಿಯ ಕಡೆ ಒಮ್ಮೆ ನೋಡಿದ.

“ಶೆಟ್ಟೆಪ್ಪ, ಒಳಗೆ ಬನ್ನಿ ಮಾರಾಯ್ರೆ. ಸ್ವಲ್ಪ ಮಾತಾಡ್ಲಿಕ್ಕುಂಟು” ಎಂದ.

“ಏನ್ ಹೇಳೂದೈತಿ ಇಲ್ಲೇ ಹೇಳ್ರಿ, ಎಲ್ಲಾರ ಮುಂದ. ಒಳಗ ಬರಾಕ ನಾ ಏನ್ ಕಳ್ಳ ಮಾಲು ಮಾರೀನೇನು?”

ಗಿರಾಕಿಗಳಲ್ಲಿ ಒಬ್ಬ ನಕ್ಕ. ಪೂವಪ್ಪನ ಮುಖ ಕೆಂಪಾಗಲಿಲ್ಲ, ಬಿಳುಪೂ ಆಗಲಿಲ್ಲ. ಗಿರಾಕಿಗಳನ್ನು ಒಬ್ಬೊಬ್ಬರನ್ನಾಗಿ ನೋಡಿದ. ಬಳಿಕ ಚೀಲದಿಂದ ಹೊಸ ಸೆನ್ಸರಿನ ಡಬ್ಬಿಯೊಂದನ್ನು ತೆಗೆದು, ಜೇಬಿನ ಪೆನ್ನಿನಿಂದ ಅದರ ಮೇಲೆ ಏನನ್ನೋ ನಿಧಾನವಾಗಿ ಬರೆದ. ಇದೊಂದನ್ನು ಇಟ್ಟುಕೊಳ್ಳಿ, ಪುರುಸೊತ್ತಾದಾಗ ಓದಿ ಎಂದು ಹೇಳಿ, ಬೆಂಚಿನ ಮೇಲಿಟ್ಟು, ಕೊಡೆ ಬಿಡಿಸಿಕೊಂಡು ನೀರಿನೊಳಗೆ ಇಳಿದು ಹೋದ. ಯಾವ ಗಾಡಿಯದೆಂದು ಬರೆದಿರಬೇಕು ಎಂದುಕೊಂಡ ಶೆಟ್ಟೆಪ್ಪ. ಡುಪ್ಲಿಕೇಟಿನ ಮೇಲೆ ಏನು ಬರೆದರೇನು, ಅದು ಡುಪ್ಲಿಕೇಟೇ. ಡಬ್ಬಿಯನ್ನು ಬೆಂಚಿನ ಕೆಳಗಿನ ಡ್ರಾಯರಿಗೆ ಎಸೆದು ಕಾಲಿನಿಂದಲೇ ಮುಚ್ಚಿದ.

ಅನಿಲನ ಗಾಡಿಗೆ ಕಂಪನಿಯ ಶೋರೂಮಿನಿಂದಲೇ ಹೊಸ ಸೆನ್ಸರು ತರಿಸಿ ಹಾಕಿದ. ದೀಪ ಆರಿತು. ಗೆದ್ದೆನೆಂದು ಶೆಟ್ಟೆಪ್ಪ ಗುಂಪಿನಲ್ಲಿ ಅದನ್ನೂ ಸಾರಿದ. ಆಗಸ್ಟ್ ಮಧ್ಯದಲ್ಲಿ, ರಜೆಯ ಮರುದಿನ, ಅನಿಲ ಗಾಡಿ ತಂದು ನಿಲ್ಲಿಸಿ, ಇಳಿಯದೆ, ಕಿಟಕಿಯಿಂದಲೇ ಹೇಳಿದ:

“ಕಾಕಾ, ಲೈಟ್ ಫಿರ್ ಸೇ ಹತ್ತೇತಿ.”

ಶೋರೂಮಿನ ಸೆನ್ಸರಿನ ಮೂತಿಯೂ ಬೆಳ್ಳಗೆ. ಶೆಟ್ಟೆಪ್ಪ ಮೂರನ್ನೂ ಚಿಂದಿಯ ಮೇಲೆ ಸಾಲಾಗಿ ಇಟ್ಟು ಬಹಳ ಹೊತ್ತು ಕುಕ್ಕರಗಾಲಿನಲ್ಲಿ ಕೂತ. ಪೂವಪ್ಪನ ಎರಡು, ಶೋರೂಮಿನದು ಒಂದು. ಯಾವುದು ಯಾರದೆಂದು ಗುರುತಿಸಲು ಆಗುತ್ತಿರಲಿಲ್ಲ. ಹಾಗಾದರೆ ತಪ್ಪು ಮಾಲಿನದಲ್ಲ. ಇನ್ನೊಂದನ್ನು ಕೊಳ್ಳೆಂದು ಅನಿಲನಿಗೆ ಹೇಳಲು ಮುಖವಿಲ್ಲ, ಅವನನ್ನು ಬರಿಗೈಯಲ್ಲಿ ಕಳಿಸುವಂತೆಯೂ ಇಲ್ಲ. ಡ್ರಾಯರು ನೆನಪಾಯಿತು. ಎಳೆದು, ಬೋಲ್ಟುಗಳ ನಡುವೆ ಬಿದ್ದಿದ್ದ ಡಬ್ಬಿಯನ್ನು ತೆಗೆದು, ಅಂಗಿಯ ತೋಳಿನಿಂದ ಗ್ರೀಸು ಒರೆಸಿದ. ನೀಲಿ ಶಾಯಿಯ ದುಂಡು ಅಕ್ಷರಗಳು ಹಾಗೇ ಇದ್ದವು.

‘ಶೆಟ್ಟೆಪ್ಪ, ಟ್ಯಾಪೆಟ್ ಕವರಿಗೆ ಕಾಜಿನ ಸಿಲಿಕಾನ್ ಹಾಕಬೇಡಿ. ಒಣಗುವಾಗ ಅದು ಬಿಡುವ ಆವಿಯನ್ನು ಇಂಜಿನ್ ಒಳಗೆ ಎಳೆದುಕೊಳ್ಳುತ್ತದೆ. ಅದು ಉರಿದು ಬಿಳಿ ಪುಡಿಯಾಗಿ ಸೆನ್ಸರಿನ ಮೂತಿಗೆ ಕೂರುತ್ತದೆ. ಹೊಸ ಕವರು, ರಬ್ಬರ್ ಪ್ಯಾಕಿಂಗ್, ಅಷ್ಟೇ. ಇದು ನಿಮಗೆ ಮಾತ್ರ.’

ಅವನು ಅದನ್ನು ನಾಲ್ಕು ಸಲ ಓದಿದ. ಕೊನೆಯ ಮೂರು ಪದಗಳನ್ನು ಇನ್ನೂ ಹೆಚ್ಚು ಸಲ. ಆ ದಿನ ಪೂವಪ್ಪ ಗಿರಾಕಿಗಳನ್ನು ಒಬ್ಬೊಬ್ಬರನ್ನಾಗಿ ನೋಡಿದ್ದೇಕೆಂದು ಈಗ ತಿಳಿಯಿತು. ಅವರ ಮುಂದೆ ಒಂದೇ ಒಂದು ಮಾತು ಹೇಳಿದ್ದರೆ ಪೂವಪ್ಪನ ಹೆಸರು ಅಲ್ಲೇ ಉಳಿಯುತ್ತಿತ್ತು, ಶೆಟ್ಟೆಪ್ಪನದು ಹೋಗುತ್ತಿತ್ತು. ತನ್ನ ಹೆಸರನ್ನು ಸಯನ್‌ನಿಂದ ಚೆಂಬೂರಿನವರೆಗೆ ಕೆಸರಿಗೆಳೆದವನ ಮರ್ಯಾದೆ ಕಾಯಲು ಆ ಮನುಷ್ಯ ಡಬ್ಬಿಯ ಮೇಲೆ ಬರೆದಿಟ್ಟು ಹೋಗಿದ್ದ. ಶೆಟ್ಟೆಪ್ಪನಿಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಭಯವೂ ಬಂತು, ಮತ್ತು ಭಯವೇ ಗಟ್ಟಿಯಾಗಿ ನಿಂತಿತು.

ಕವರನ್ನು ಬಿಚ್ಚಿದ. ಮೂರು ಸಲ ಬಳಿದ ಸಿಲಿಕಾನನ್ನು ಬ್ಲೇಡಿನಿಂದ ಕೆರೆದು ಕೆರೆದು ತೆಗೆದ. ಹಿಡಿ ತುಂಬ ಬಂತು. ಮೂಗಿನ ಹತ್ತಿರ ಹಿಡಿದರೆ ಹಳೆಯ ವಿನೆಗರಿನಂಥ ಹುಳಿ ವಾಸನೆ ಇನ್ನೂ ಇತ್ತು. ಹೊಸ ಕವರು, ಒಣ ರಬ್ಬರ್ ಪ್ಯಾಕಿಂಗ್ ಹಾಕಿ, ಪೂವಪ್ಪನ ಡಬ್ಬಿಯ ಸೆನ್ಸರನ್ನು ತಿರುಗಿಸಿ ಕೂರಿಸಿದ. ಸ್ಕ್ಯಾನರಿನಲ್ಲಿ ಹಳೆಯ ಕೋಡನ್ನು ಅಳಿಸಿದ. ಏನಾಗಿತ್ತು ಕಾಕಾ ಎಂದು ಅನಿಲ ಕೇಳಿದ್ದಕ್ಕೆ, ಸಣ್ಣ ವೈರಿಂಗ್ ದೋಷ ಎಂದ.

ಮನೆಗೆ ಹೋಗಿ ಮಹಾದೇವಿಗೆ ಮಾತ್ರ ನಿಜ ಹೇಳಿದ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, ನಾಳೆಯೇ ಸಯನ್‌ಗೆ ಹೋಗಿ ಬರಬೇಕು, ಗುಂಪಿನಲ್ಲೂ ಹೇಳಬೇಕು ಎಂದಳು. ಅವನೂ ಹೂಂ ಎಂದ. ಆದರೆ ನೂರ ಎಂಬತ್ತು ಜನರ ಮುಂದೆ, ಕಿಟಕಿಯ ಅಂಟು ಬಳಿದು ಸೆನ್ಸರು ಕೊಂದವನು ನಾನೇ ಎಂದ ಮೇಲೆ ಗ್ಯಾರೇಜಿಗೆ ಯಾವನು ಗಾಡಿ ತರುತ್ತಾನೆ? ಸಪ್ನಾಳದು ಕಾಲೇಜಿನ ಮೊದಲ ವರ್ಷ. ಒಂದು ತಿಂಗಳು ನೋಡೋಣ, ದೀಪ ಹತ್ತದಿದ್ದರೆ ಆಗ ಖಾತ್ರಿ, ಖಾತ್ರಿಯಾದ ಮೇಲೆ ಹೇಳೋಣ ಎಂದು ತನಗೆ ತಾನೇ ಬುದ್ಧಿ ಹೇಳಿಕೊಂಡ. ಇದು ಮೆಕ್ಯಾನಿಕನ ಎಚ್ಚರಿಕೆಯ ಮಾತಿನಂತೆ ಕೇಳಿಸುತ್ತಿತ್ತು. ಹೇಡಿತನಕ್ಕೆ ಇಂಥ ಇಸ್ತ್ರಿ ಮಾಡಿದ ಅಂಗಿ ಯಾವಾಗಲೂ ಸಿಗುತ್ತದೆ.

ಆಮೇಲಿನ ವಾರಗಳಲ್ಲಿ ಅವನು ಎಂಥ ಹಂತಕ್ಕೆ ಇಳಿದನೆಂದರೆ, ಪ್ರತಿ ಸೋಮವಾರ ತಾನೇ ಫೋನ್ ಮಾಡಿ ಅನಿಲನನ್ನು ಕರೆಸಿಕೊಳ್ಳುತ್ತಿದ್ದ. ಪಿನ್ನು ಚುಚ್ಚಿ, ತೆರೆಯ ಮೇಲೆ ಅಕ್ಷರ ಮೂಡುವವರೆಗೆ ಉಸಿರು ಹಿಡಿಯುತ್ತಿದ್ದ. ಅನಿಲನಿಗೆ ಕಾಕಾನ ಕಾಳಜಿ ನೋಡಿ ಸಂತೋಷ. ಶೆಟ್ಟೆಪ್ಪ ಒಳಗೊಳಗೇ ಬೇಡುತ್ತಿದ್ದದ್ದು ಬೇರೆ: ದೀಪ ಹತ್ತಲಿ. ಒಂದೇ ಒಂದು ಸಲ ಹತ್ತಿಬಿಡಲಿ. ಹತ್ತಿದರೆ ಪೂವಪ್ಪನ ಮಾಲು ಕೆಟ್ಟದ್ದು, ಹತ್ತಿದರೆ ತಾನು ಹೇಳಿದ್ದು ನಿಜ. ಎಂಟು ತಿಂಗಳು ಆ ದೀಪವನ್ನು ಆರಿಸಲು ಒದ್ದಾಡಿದವನು ಈಗ ಅದು ಹತ್ತಲೆಂದು ಗ್ಯಾರೇಜಿನ ಗೋಡೆಯ ಬಸವಣ್ಣನ ಪಟದ ಕಡೆ ನೋಡುತ್ತಿದ್ದ. ಸೆಪ್ಟೆಂಬರ್ ಮುಗಿಯಿತು, ದೀಪ ಹತ್ತಲಿಲ್ಲ. ಮೊದಲನೆಯದು ಮೂರು ತಿಂಗಳು ಬಾಳಿತ್ತಲ್ಲ, ಇದಕ್ಕೂ ಮೂರು ತಿಂಗಳು ಕೊಡಬೇಕು ಎಂದು ಗಡುವನ್ನು ಮುಂದಕ್ಕೆ ತಳ್ಳಿದ.

ಅಕ್ಟೋಬರ್‌ನಲ್ಲಿ ಅನಿಲ ಒಂದು ಸುದ್ದಿ ತಂದ. ಪೂವಪ್ಪ ಅಂಕಲ್‌ನ ಅಂಗಡಿಗೆ ಈಗ ನೊಣವೂ ಹೋಗುವುದಿಲ್ಲ. ಅಂಗಡಿಯ ಬಾಡಿಗೆ ಕರಾರು ದೀಪಾವಳಿಗೆ ಮುಗಿಯುತ್ತದೆ. ಅಷ್ಟರೊಳಗೆ ಗ್ಯಾರೇಜಿನವರು ಮರಳಿ ಬರದಿದ್ದರೆ ಬಿಟ್ಟುಕೊಡುತ್ತಾರಂತೆ. ಶೆಟ್ಟೆಪ್ಪ ಹೌದಾ ಎಂದು ಸ್ಪ್ಯಾನರ್ ಹುಡುಕುವವನಂತೆ ಗಾಡಿಯ ಕೆಳಗೆ ಜಾರಿದ. ಅಲ್ಲಿ ಅವನಿಗೆ ಮಾಡುವ ಕೆಲಸವೇನೂ ಇರಲಿಲ್ಲ.

ಆ ರಾತ್ರಿ ಊಟಕ್ಕೆ ಬಡಿಸುವಾಗ ಮಹಾದೇವಿ ಮತ್ತೆ ಕೇಳಿದಳು. ಮೂರು ತಿಂಗಳು ಮುಗಿಯಲಿ ಎಂದ. ಅವಳು ತಟ್ಟೆ ಅವನ ಮುಂದಿಟ್ಟು, “ಇನ್ನ ನಾ ಕೇಳೂದಿಲ್ರಿ” ಎಂದಳು. ಹೇಳಿದಂತೆ ಕೇಳಲೂ ಇಲ್ಲ. ಅವಳು ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಹಬ್ಬಕ್ಕೆ ನಾಲ್ಕು ದಿನವಿರುವಾಗ ಮನಸ್ಸು ತಡೆಯದೆ ಲೋಕಲ್ ಹತ್ತಿ ಸಯನ್‌ನಲ್ಲಿ ಇಳಿದ. ಕುರ್ಲಾದಿಂದ ಒಂದೇ ಸ್ಟೇಷನ್ನು, ಹೇಳಬೇಕಾದ್ದನ್ನು ಜೋಡಿಸಿಕೊಳ್ಳಲೂ ಸಮಯವಾಗಲಿಲ್ಲ. ಅಂಗಡಿ ಕಾಣುವ ಮೂಲೆಗೆ ಬಂದು ನಿಂತ. ಪೂವಪ್ಪ ಸ್ಟೂಲಿನ ಮೇಲೆ ನಿಂತು ಮೇಲಿನ ಹಲಗೆಗಳಿಂದ ಡಬ್ಬಿಗಳನ್ನು ಇಳಿಸಿ ಕೊಡುತ್ತಿದ್ದ. ಹಳೆ ಮಾಲು ಕೊಳ್ಳುವವರು ಇಬ್ಬರು ಅವನ್ನು ಗೋಣಿಗೆ ತುಂಬುತ್ತಿದ್ದರು. ಪಕ್ಕದ ಅಂಗಡಿಯವರು ಮೂರ್ನಾಲ್ಕು ಜನ ನೋಡುತ್ತ ನಿಂತಿದ್ದರು, ಸಾವಂತನ ಗ್ಯಾರೇಜಿನವನೊಬ್ಬನೂ ಇದ್ದ. ಶೆಟ್ಟೆಪ್ಪ ಹತ್ತು ಹೆಜ್ಜೆ ಇಟ್ಟ. ಇಷ್ಟು ಜನರ ಮುಂದೆ ಹೇಗೆ ಹೇಳುವುದು ಎಂದುಕೊಂಡ. ಎಲ್ಲಾರ ಮುಂದ ಹೇಳ್ರಿ ಎಂದು ಜೂನ್‌ನಲ್ಲಿ ಗುಡುಗಿದ ಬಾಯಿ ಅದೇ. ಅವನು ತಿರುಗಿ, ಬಂದ ದಾರಿಯಲ್ಲೇ ಸ್ಟೇಷನ್ನಿಗೆ ಹೋದ.

ದೀಪಾವಳಿಯ ಮರುವಾರ ಆ ಅಂಗಡಿಯಲ್ಲಿ ಮೊಬೈಲ್ ಕವರುಗಳು ತೂಗಾಡುತ್ತಿದ್ದವೆಂದು ಅನಿಲ ಹೇಳಿದ.

ನವೆಂಬರ್ ಕೊನೆಗೆ ಅನಿಲನೇ ಸುರುಳಿ ಸುತ್ತಿದ ಒಂದು ಕ್ಯಾಲೆಂಡರ್ ತಂದುಕೊಟ್ಟ. ಪೂವಪ್ಪ ಪ್ರತಿ ವರ್ಷ ಊರಿನಿಂದ ಕನ್ನಡ ಪಂಚಾಂಗದ ಗೋಡೆ ಕ್ಯಾಲೆಂಡರುಗಳನ್ನು ತರಿಸಿ ಕನ್ನಡ ಬಲ್ಲ ಗ್ಯಾರೇಜಿನವರಿಗೆ ಹಂಚುತ್ತಿದ್ದ. ಈ ವರ್ಷವೂ ತಪ್ಪಿಸಿರಲಿಲ್ಲ. ಜೋಗೇಶ್ವರಿಯಲ್ಲಿ ಪ್ಯಾಸೆಂಜರ್ ಇಳಿಸಿ ತಿಂಡಿಗೆಂದು ಒಂದು ಹೋಟೆಲಿಗೆ ಹೋದರೆ ಪಾರ್ಸೆಲ್ ಕೌಂಟರಿನಲ್ಲಿ ಅವರೇ ನಿಂತಿದ್ದರು ಎಂದ ಅನಿಲ. ಅವರ ಭಾವನ ಹೋಟೆಲಂತೆ. ಶೆಟ್ಟೆಪ್ಪನಿಗೆ ಕೊಡಿ, ಸಪ್ನಾ ಹೇಗಿದ್ದಾಳೆ ಎಂದು ಕೇಳಿದೆನೆಂದು ಹೇಳಿ, ಎಂದರಂತೆ. ಶೆಟ್ಟೆಪ್ಪ ಕ್ಯಾಲೆಂಡರನ್ನು ಬಿಚ್ಚಲಿಲ್ಲ. ಮೂರು ಬಿಳಿ ಮೂತಿಯ ಸೆನ್ಸರುಗಳನ್ನು ಚಿಂದಿಯಲ್ಲಿ ಕಟ್ಟಿಕೊಂಡು, ಗ್ಯಾರೇಜಿನ ಶಟರು ಅರ್ಧ ಎಳೆದು, ಹಗಲು ಹನ್ನೊಂದಕ್ಕೇ ಹೊರಟ. ದಾದರಿನಲ್ಲಿ ಗಾಡಿ ಬದಲಿಸಿ, ಬಾಗಿಲಲ್ಲಿ ಜೋತುಬಿದ್ದು ಜೋಗೇಶ್ವರಿ ತಲುಪಿದ.

ಸಣ್ಣ ಹೋಟೆಲು. ಸುತ್ತಲಿನ ಗಾಲೆಗಳೆಂಬ ಸಣ್ಣ ಕಾರ್ಖಾನೆ ಕೋಣೆಗಳಿಂದ ಬಂದವರು ನಿಂತುಕೊಂಡೇ ತಿನ್ನುತ್ತಿದ್ದರು. ಪೂವಪ್ಪ ಅದೇ ತೊಳೆದ ಬಿಳಿ ಅಂಗಿಯಲ್ಲಿ, ಚಟ್ನಿಯ ಪೊಟ್ಟಣಕ್ಕೆ ದಾರ ಸುತ್ತುತ್ತಿದ್ದ. ಜೇಬಿನಲ್ಲಿ ಪೆನ್ನಿತ್ತು. ಶೆಟ್ಟೆಪ್ಪನನ್ನು ಕಂಡು ಒಂದು ಗಳಿಗೆ ದಾರ ಹಿಡಿದ ಕೈ ನಿಂತಿತು. ಆಮೇಲೆ ಕೌಂಟರನ್ನು ಇನ್ನೊಬ್ಬನಿಗೆ ಒಪ್ಪಿಸಿ, ಮೂಲೆಯ ಟೇಬಲ್ಲನ್ನು ತಾನೇ ಒರೆಸಿ, ಎರಡು ಚಹಾ ತಂದಿಟ್ಟು ಎದುರು ಕೂತ. ಹೋಟೆಲಿನ ಮೆಟ್ಟಿಲನ್ನು ಗಿರಾಕಿಯಾಗಿ ಮಾತ್ರ ಹತ್ತುತ್ತೇನೆಂದಿದ್ದವನ ಹೆಗಲ ಮೇಲೆ ಒರೆಸುವ ಬಟ್ಟೆ ಇರುವುದನ್ನು ಶೆಟ್ಟೆಪ್ಪ ನೋಡಲಾರದೆ ಚಹಾ ಲೋಟವನ್ನೇ ನೋಡಿದ.

ಚಿಂದಿ ಬಿಚ್ಚಿ ಸೆನ್ಸರುಗಳನ್ನು ಟೇಬಲ್ಲಿನ ಮೇಲಿಟ್ಟ. ನೀವು ಬರೆದಂತೆಯೇ ಮಾಡಿದೆ, ನಿಮ್ಮ ಡಬ್ಬಿಯ ಸೆನ್ಸರೇ ಈಗ ಆ ಗಾಡಿಯಲ್ಲಿರುವುದು, ದೀಪ ಹತ್ತಿಲ್ಲ ಎಂದ. ತಪ್ಪು ನನ್ನದೇ ಎಂದ. ಪೂವಪ್ಪ ಸೆನ್ಸರನ್ನು ಎತ್ತಿ, ಮೂತಿಯ ಬಿಳಿಯನ್ನು ಉಗುರಿನಿಂದ ಕೆರೆದು, ಕೆಳಗಿಟ್ಟ. ಹಾಗಾದರೆ ಗುಂಪಿನಲ್ಲೂ ಒಂದು ಮಾತು ಹೇಳಿಬಿಡಿ ಎಂದಷ್ಟೇ ಕೇಳಿದ. ಅಂಗಡಿ ಇನ್ನು ಬರುವುದಿಲ್ಲ, ಹೆಸರಾದರೂ ಬರಲಿ.

ಶೆಟ್ಟೆಪ್ಪ ಅಲ್ಲೇ ಫೋನ್ ತೆಗೆದ. ಸೆನ್ಸರುಗಳ ಫೋಟೋ ಹಾಕಿ, ಹಿಂದಿಯಲ್ಲಿ, ಒಂದನ್ನೂ ಮುಚ್ಚಿಡದೆ ಹೇಳಿದ: ಪೂವಪ್ಪನ ಮಾಲು ಅಸಲಿಯೇ, ಕಾಜಿನ ಸಿಲಿಕಾನ್ ಬಳಿದು ಹಾಳು ಮಾಡಿದವನು ನಾನು, ಶೋರೂಮಿನದೂ ನನ್ನ ಕೈಯಲ್ಲಿ ಹೀಗೇ ಸತ್ತಿತು. ಸಂದೇಶ ಹೋಯಿತು. ಮೂರು ತಿಂಗಳಿಂದ ಎದೆಯ ಮೇಲಿದ್ದ ಕಲ್ಲು ಇಳಿಯುತ್ತದೆಂದು ಅವನು ಕಾದ. ಇಬ್ಬರೂ ಫೋನನ್ನೇ ನೋಡುತ್ತ ಕೂತರು. ಚಹಾದ ಮೇಲೆ ಕೆನೆ ಕಟ್ಟಿತು.

ಮೊದಲ ಉತ್ತರ ಈಗಲೂ ಸಾವಂತನದೇ. “ಸಮಝ್ ಗಯಾ ಶೆಟ್ಟೆಪ್ಪ. ಗಾಂವ್‌ವಾಲೇ ಕೋ ಬಚಾನಾ ಪಡ್ತಾ ಹೈ.” ಊರಿನವನನ್ನು ಉಳಿಸಲೇಬೇಕಲ್ಲ. ಕೆಳಗೆ ಕೈಮುಗಿದ ಚಿತ್ರ. ಅದರ ಕೆಳಗೆ ನಗುವ ಮುಖಗಳು ಒಂದೊಂದಾಗಿ ಬಂದವು. ಮುದುಕ ಪಾಪ ಅಂಗಡಿ ಮುಚ್ಚಿದ್ದಾನೆ, ಇವನಿಗೆ ಕನಿಕರ ಬಂದಿದೆ ಎಂದು ಒಬ್ಬ. ನಿಮ್ಮವರಲ್ಲಿ ಒಗ್ಗಟ್ಟಿದೆ ಬಿಡಿ ಎಂದು ಇನ್ನೊಬ್ಬ, ಮೆಚ್ಚುಗೆಯಿಂದಲೇ. ಶೆಟ್ಟೆಪ್ಪ ಮತ್ತೊಂದು ಸಂದೇಶಕ್ಕೆ ಬಾಯಿ ತೆರೆದ. ಪೂವಪ್ಪ ಫೋನನ್ನು ಮೆಲ್ಲಗೆ ಅವನ ಕೈಯಿಂದ ತೆಗೆದು, ಓದಿ ಮುಗಿಸಿ, ಟೇಬಲ್ಲಿನ ಮೇಲೆ ಬೋರಲಾಗಿ ಇಟ್ಟ.

“ಬಿಡಿ. ನೀವು ಹೇಳಿದ್ರಿ ಅಲ್ವಾ” ಎಂದ.

ಇಷ್ಟು ದಿನ ತಾನು ಒಂದೇ ವಿಷಯಕ್ಕೆ ಸಂಕಟಪಟ್ಟದ್ದು ಎಂದ ಪೂವಪ್ಪ. ಅಂಗಡಿ ಹೋದದ್ದಕ್ಕೆ ಅಲ್ಲ; ಅದು ಇವತ್ತಲ್ಲ ನಾಳೆ ಆನ್‌ಲೈನಿನವರ ಬಾಯಿಗೆ ಬೀಳುವುದೇ. ಶೆಟ್ಟೆಪ್ಪ ಡಬ್ಬಿಯನ್ನು ಓದಿಯೂ ಸುಮ್ಮನಿದ್ದಾನೋ, ಓದಲೇ ಇಲ್ಲವೋ, ಅದೊಂದು ತಿಳಿಯದೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದ್ದೇ ಹೆಚ್ಚು. ಹಾಗೆಂದು ಹೇಳಿ, ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು ಕೇಳಿದ:

“ಯಾವಾಗ ಓದಿದ್ರಿ ಅದನ್ನು?”

ಶೆಟ್ಟೆಪ್ಪನಿಗೆ ಆಗಸ್ಟ್‌ನ ಆ ದಿನ, ತೋಳಿಗೆ ಹತ್ತಿದ ಗ್ರೀಸು, ಮಹಾದೇವಿಯ ಮಾತು, ಸಯನ್‌ನ ಮೂಲೆ, ಸ್ಟೂಲಿನ ಮೇಲೆ ನಿಂತಿದ್ದ ಈ ಮನುಷ್ಯ, ಎಲ್ಲವೂ ಒಟ್ಟಿಗೆ ಕಣ್ಣಿಗೆ ಬಂದವು. ಹೇಳಬಾರದ ಜಾಗದಲ್ಲಿ ಹೇಳಿದ್ದಾಯಿತು, ಹೇಳಬೇಕಾದ ದಿನಗಳಲ್ಲಿ ಬಾಯಿ ಹೊಲಿದುಕೊಂಡದ್ದಾಯಿತು. ಈಗ ನಿಜ ಹೇಳುವುದೊಂದೇ ಉಳಿದಿತ್ತು. ಅದು ನಾಲಿಗೆಯವರೆಗೆ ಬಂತು.

“ಮೊನ್ನಿ” ಎಂದ. “ಮೊನ್ನಿ ಡ್ರಾಯರ್ ಹಸನ ಮಾಡುವಾಗ ಸಿಕ್ತರಿ.”

ಪೂವಪ್ಪ ಕಣ್ಣುಮುಚ್ಚಿ ಒಂದು ದೊಡ್ಡ ಉಸಿರು ಬಿಟ್ಟ. ಬಹಳ ದಿನದ ಜ್ವರ ಇಳಿದವನಂತೆ ಅವನ ಮುಖದ ಗೆರೆಗಳು ಸಡಿಲವಾದವು.

“ಓದಿದ ಕೂಡ್ಲೇ ಬಂದಿದ್ದೀರಿ. ನಂಗೆ ಅಷ್ಟು ಸಾಕು ಶೆಟ್ಟೆಪ್ಪ. ನಾನು ಏನೆಲ್ಲ ಯೋಚನೆ ಮಾಡಿದ್ದೆ ನಿಮ್ಮ ಬಗ್ಗೆ. ನೀವು ಮನಸ್ಸಿಗೆ ಹಚ್ಕೊಳ್ಬೇಡಿ.”

ಅವನು ಎದ್ದು ಕೌಂಟರಿಗೆ ಹೋಗಿ, ಬಿಸಿ ಗೋಳಿಬಜೆ ಕಟ್ಟಿಸಿ, ದಾರ ತಾನೇ ಸುತ್ತಿ, ಜೇಬಿನ ಪೆನ್ನು ತೆಗೆದು ಪೊಟ್ಟಣದ ಮೇಲೆ ದುಂಡಗೆ ‘ಸಪ್ನಾಳಿಗೆ’ ಎಂದು ಬರೆದು ತಂದುಕೊಟ್ಟ. ಅವಳು ಇನ್ನೂ ಕನ್ನಡ ಓದುತ್ತಾಳಲ್ಲ, ಮರೆತಿಲ್ಲವಲ್ಲ ಎಂದು ವಿಚಾರಿಸಿದ. ಇಲ್ಲ, ಓದುತ್ತಾಳೆ ಎಂದ ಶೆಟ್ಟೆಪ್ಪ. ಸ್ಟೇಷನ್ನಿನ ತಿರುವಿನವರೆಗೆ ಪೂವಪ್ಪ ಜೊತೆಗೆ ಬಂದು, ಬರುತ್ತಿರಿ ಎಂದು ಹೇಳಿ, ಹೆಗಲ ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತ ಹಿಂದಿರುಗಿದ.

ಲೋಕಲಿನಲ್ಲಿ ಆ ಹೊತ್ತಿಗೆ ಕೂರಲು ಜಾಗವಿತ್ತು. ಶೆಟ್ಟೆಪ್ಪ ಪೊಟ್ಟಣವನ್ನು ತೊಡೆಯ ಮೇಲೆ ಇಟ್ಟುಕೊಂಡ. ಇನ್ನೂ ಬಿಸಿಯಿತ್ತು, ಎಣ್ಣೆ ಕಾಗದಕ್ಕೆ ಇಳಿದು ನೀಲಿ ಅಕ್ಷರಗಳ ಸುತ್ತ ಹರಡುತ್ತಿತ್ತು. ಅಂಧೇರಿ ದಾಟುವ ಮೊದಲೇ ಅವನು ಬರಹ ಕಾಣದಂತೆ ಅದನ್ನು ತಿರುಗಿಸಿ ಇಟ್ಟುಕೊಂಡ.